ಸಂಜೆ ಗೂಡು ಮುಚ್ಚುವವರು ಯಾರು? ಒಂದು ಎಕರೆ ತೋಟದಲ್ಲಿ ಕೋಳಿ, ಮೇಕೆ, ಹಸು ಸಾಕುವವರಿಗೆ

ಕುಣಿಗಲ್ ಕಡೆ ನಮಗೆ ಒಂದೂಕಾಲು ಎಕರೆ ಜಾಗವಿದೆ. ಹದಿನೈದು ತೆಂಗು, ನಾಲ್ಕು ಹಲಸು, ಮಿಕ್ಕಿದ್ದು ರಾಗಿ ಹೊಲ. ಅಲ್ಲಿ ಮೊದಲ ಸಲ ಕೋಳಿ ಸಾಕಲು ಹೊರಟಾಗ ಪಕ್ಕದ ತೋಟದ ಅಜ್ಜಿ ಒಂದೇ ಮಾತು ಕೇಳಿದರು. “ಕೋಳಿ ತರೋದು ಸರಿ ಮಗಾ, ಸಂಜೆ ಗೂಡು ಮುಚ್ಚೋರು ಯಾರು?”

“ಅಪ್ಪ ಇದ್ದಾರಲ್ಲ” ಎಂದಿದ್ದೆ. ವಾರವಿಡೀ ಅಪ್ಪ ಅಲ್ಲೇ ಇರುತ್ತಿದ್ದರು, ಶನಿವಾರ ನಾನು ಹೋಗುತ್ತಿದ್ದೆ. ಒಂದು ಶನಿವಾರ ಅಪ್ಪ ನೆಂಟರ ಮದುವೆಗೆ ಹೋಗಿದ್ದರು, ನಾನು ಬೆಂಗಳೂರು ಬಿಡುವುದು ತಡವಾಯಿತು. ತೋಟ ಮುಟ್ಟಿದಾಗ ರಾತ್ರಿ ಎಂಟೂವರೆ. ಹನ್ನೆರಡು ಹ್ಯಾಟೆಗಳಲ್ಲಿ (ಹೆಣ್ಣು ಕೋಳಿಗಳಲ್ಲಿ) ಏಳು ಇರಲಿಲ್ಲ. ಗೂಡಿನ ಮುಂದೆ ಪುಕ್ಕ ಮಾತ್ರ ಬಿದ್ದಿತ್ತು. ಉಳಿದ ಐದು ಮೂಲೆಯಲ್ಲಿ ಒಂದರ ಮೇಲೊಂದು ಸೇರಿಕೊಂಡು ನಡುಗುತ್ತಿದ್ದವು. ಆ ನೋಟ ನನಗೆ ಇವತ್ತಿಗೂ ಕಣ್ಣಮುಂದೆ ಇದೆ.

ಅದಕ್ಕೇ ಈ ಬರಹವನ್ನು ತಳಿಯಿಂದಲೋ ಲಾಭದ ಲೆಕ್ಕದಿಂದಲೋ ಶುರು ಮಾಡುತ್ತಿಲ್ಲ. ಅಜ್ಜಿಯ ಮಾತಿನಿಂದಲೇ ಶುರು ಮಾಡುತ್ತೇನೆ.

ಮೊದಲ ಹೆಜ್ಜೆ: ಜನ, ಮೇವು, ಡಾಕ್ಟರ್

ಒಂದು ಹಾಳೆ ತೆಗೆದುಕೊಳ್ಳಿ. ವಾರದ ಏಳು ದಿನ ಬರೆಯಿರಿ. ಪ್ರತಿ ದಿನದ ಮುಂದೆ ಎರಡು ಹೆಸರು ಬರೆಯಿರಿ: ಸಂಜೆ ಆರೂವರೆಗೆ ತೋಟದಲ್ಲಿ ಇರುವವರು ಒಬ್ಬರು, ಅವರಿಗೆ ಆಗದಿದ್ದರೆ ಬರುವವರು ಇನ್ನೊಬ್ಬರು. ಎರಡನೇ ಹೆಸರು ಖಾಲಿ ಉಳಿದ ದಿನ ಒಂದೇ ಒಂದಿದ್ದರೂ ಇನ್ನೂ ಪ್ರಾಣಿ ತರುವ ಹೊತ್ತಾಗಿಲ್ಲ. ವಾರಾಂತ್ಯಕ್ಕೆ ಮಾತ್ರ ಹೋಗುವವರಾದರೆ ಪಕ್ಕದ ಮನೆಯವರ ಜೊತೆ ಮೊದಲೇ ಮಾತಾಡಿ, ತಿಂಗಳಿಗೆ ಇಷ್ಟು ಎಂದು ಹಣ ಗೊತ್ತು ಮಾಡಿ. ಸುಮ್ನೆ “ಸ್ವಲ್ಪ ನೋಡಿಕೊಳ್ಳಿ” ಎಂದರೆ ಒಂದು ವಾರ ನಡೆಯುತ್ತದೆ, ಒಂದು ವರ್ಷ ನಡೆಯುವುದಿಲ್ಲ.

ನಂತರ ಮೇವು. ಪ್ರಾಣಿ ಬರುವ ಮೂರು ತಿಂಗಳ ಮೊದಲೇ ಮೇವು ನೆಟ್ಟಿರಬೇಕು. ಬೇಲಿಯ ಉದ್ದಕ್ಕೂ ಅಗಸೆ ಮರ, ನುಗ್ಗೆ, ಗ್ಲಿರಿಸಿಡಿಯಾ ನೆಡಿ. ನೀರು ಹಾಯುವ ಒಂದು ಮೂಲೆಯಲ್ಲಿ ಎರಡು ಮೂರು ಗುಂಟೆ ನೇಪಿಯರ್ ಹುಲ್ಲಿನ ಕಡ್ಡಿ ಊರಿ. ನೇಪಿಯರ್ ಮೊದಲ ಕೊಯ್ಲಿಗೆ ಬರಲು ಸುಮಾರು 75 ದಿನ ಬೇಕು, ಆಮೇಲೆ 45 ದಿನಕ್ಕೊಮ್ಮೆ ಕೊಯ್ಯಬಹುದು. ಹಲಸಿನ ಮರವಿದ್ದರೆ ಪುಣ್ಯ. ಮೇಕೆಗೆ ಹಲಸಿನ ಸೊಪ್ಪೆಂದರೆ ಪ್ರಾಣ.

ಪಶು ಆಸ್ಪತ್ರೆ ಎಲ್ಲಿದೆ, ಡಾಕ್ಟರ್ ಯಾವ ದಿನ ನಿಮ್ಮ ಊರಿನ ಕಡೆ ಬರುತ್ತಾರೆ ಎಂಬುದನ್ನೂ ಈಗಲೇ ತಿಳಿದುಕೊಳ್ಳಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಸಿಗುತ್ತದೆ. ಆ ನಂಬರನ್ನು ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಇನ್ನೊಂದು ಮಾತು. ಎಲ್ಲವನ್ನೂ ಒಟ್ಟಿಗೆ ತರಬೇಡಿ. ಮೊದಲು ಕೋಳಿ. ಒಂದು ಮಳೆಗಾಲ ಕಳೆದ ಮೇಲೆ ಮೇಕೆ. ಹಸು ಎಲ್ಲಕ್ಕಿಂತ ಕೊನೆಗೆ.

ಎರಡನೇ ಹೆಜ್ಜೆ: ಗೂಡು

ಹತ್ತು ಕೋಳಿಗೆ ಆರು ಅಡಿ ಉದ್ದ, ಐದು ಅಡಿ ಅಗಲದ ಗೂಡು ಸಾಕು. ಉದ್ದದ ಬದಿ ಪೂರ್ವ–ಪಶ್ಚಿಮಕ್ಕೆ ಚಾಚಿರಲಿ. ಆಗ ಬೆಳಗಿನ ಮತ್ತು ಸಂಜೆಯ ಬಿಸಿಲು ಒಳಗೆ ನೇರವಾಗಿ ಹೊಡೆಯುವುದಿಲ್ಲ, ಗಾಳಿಯೂ ಆಡುತ್ತದೆ.

ಜನ ಹೆಚ್ಚಾಗಿ ತಪ್ಪುವುದು ಜಾಲರಿಯಲ್ಲಿ. ಅಂಗಡಿಯಲ್ಲಿ “ಕೋಳಿ ಮೆಶ್” ಎಂದು ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಬೀದಿ ನಾಯಿ ಹಲ್ಲಿನಲ್ಲಿ ಹರಿಯುತ್ತದೆ. ಪುನುಗಿನ ಬೆಕ್ಕು, ಕಾಡುಬೆಕ್ಕು ಕೈ ತೂರಿಸುತ್ತವೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿಸಿ. ದುಡ್ಡು ಜಾಸ್ತಿ, ನಿಜ. ಆದರೆ ಒಂದೇ ಸಲದ ಖರ್ಚು. ಹಾವು ನುಗ್ಗುವ ಸಂದೂ ಇದರಿಂದ ಮುಚ್ಚುತ್ತದೆ. ಜಾಲರಿಯ ಕೆಳಗಿನ ಒಂದು ಅಡಿಯನ್ನು ಹೊರಕ್ಕೆ ಮಡಿಸಿ ಮಣ್ಣಿನಲ್ಲಿ ಹೂತು ಮೇಲೆ ಕಲ್ಲು ಹೇರಿ. ಮುಂಗುಸಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ. ಅಲ್ಲಿ ಜಾಲರಿ ಸಿಕ್ಕಿದರೆ ಬಿಟ್ಟು ಹೋಗುತ್ತದೆ.

ಒಳಗೆ ಅಡ್ಡಕೋಲು ಬೇಕು. ಒಂದು ಕೋಳಿಗೆ ಎಂಟರಿಂದ ಹತ್ತು ಇಂಚು ಲೆಕ್ಕ ಹಾಕಿ. ಕೋಳಿಗೆ ಎತ್ತರದಲ್ಲಿ ಕೂತರೇ ನೆಮ್ಮದಿ. ಐದು ಹ್ಯಾಟೆಗೆ ಒಂದರಂತೆ ಮೊಟ್ಟೆ ಇಡುವ ಪೆಟ್ಟಿಗೆ ಸಾಕು. ಹಳೆಯ ಮಂಕರಿಗೆ ಹುಲ್ಲು ಹಾಸಿಟ್ಟರೂ ನಡೆಯುತ್ತದೆ. ನೆಲಕ್ಕೆ ಮೂರು ಇಂಚು ಭತ್ತದ ಹೊಟ್ಟು ಹರಡಿ, ವಾರಕ್ಕೆರಡು ಸಲ ಕೆದಕಿ. ಒಂದು ಹಿಡಿ ಹೊಟ್ಟನ್ನು ಗಟ್ಟಿಯಾಗಿ ಹಿಡಿದು ಬಿಟ್ಟಾಗ ಉದುರಿದರೆ ಸರಿ ಇದೆ. ಉಂಡೆಯಾದರೆ ತೇವ ಜಾಸ್ತಿ, ಆ ಜಾಗದ ಹೊಟ್ಟು ತೆಗೆದು ಹೊಸದು ಹಾಕಿ. ಮೂಗಿಗೆ ಖಾರವಾದ ವಾಸನೆ ಬಂದರೂ ಅದೇ ಅರ್ಥ. ಒದ್ದೆ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ಬರುತ್ತದೆ. ಔಷಧಿ ಇದೆ, ಆದರೆ ಒಣ ನೆಲ ಅದಕ್ಕಿಂತ ಅಗ್ಗ.

ಗೂಡಿನ ಪಕ್ಕ ನೆರಳಿನಲ್ಲಿ ಬೂದಿ ಮತ್ತು ಒಣ ಮಣ್ಣು ಬೆರೆಸಿದ ಒಂದು ಗುಂಡಿ ಇರಲಿ. ಕೋಳಿಗಳು ಅದರಲ್ಲಿ ಹೊರಳಾಡಿ ಹೇನು ಉದುರಿಸಿಕೊಳ್ಳುತ್ತವೆ.

ಮೂರನೇ ಹೆಜ್ಜೆ: ಯಾವ ಕೋಳಿ

ನಾಟಿ ಕೋಳಿ ವರ್ಷಕ್ಕೆ 60ರಿಂದ 80 ಮೊಟ್ಟೆ ಇಡುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ಅದರ ಹೆಚ್ಚುಕಡಿಮೆ ಎರಡರಷ್ಟು ಇಡುತ್ತದೆ, ಬೇಗ ತೂಕವೂ ಬರುತ್ತದೆ. ಅಲ್ಲಿಯದೇ ಆದ ಸ್ವರ್ಣಧಾರ ಮೊಟ್ಟೆಯಲ್ಲಿ ಅದಕ್ಕಿಂತ ಮುಂದೆ. ಹಾಗಾದರೆ ಅವನ್ನೇ ತರಬೇಕಲ್ವಾ? ಒಂದು ತೊಡಕಿದೆ. ಇವು ಕಾವಿಗೆ ಕೂರುವುದು ಬಹಳ ಅಪರೂಪ. ಪ್ರತಿ ಸಲ ಮರಿಯನ್ನು ಹೊರಗಿನಿಂದಲೇ ತರಬೇಕಾಗುತ್ತದೆ. ಮೈ ಭಾರವಿರುವುದರಿಂದ ಹದ್ದು, ನಾಯಿ ಬಂದಾಗ ಹಾರಿ ತಪ್ಪಿಸಿಕೊಳ್ಳುವ ಚುರುಕೂ ಕಡಿಮೆ.

ನನ್ನ ಅನುಭವದಲ್ಲಿ ಚಿಕ್ಕ ತೋಟಕ್ಕೆ ಬೆರಕೆ ಗುಂಪು ಒಳ್ಳೆಯದು. ಆರು ಗಿರಿರಾಜ ಅಥವಾ ಸ್ವರ್ಣಧಾರ ಮೊಟ್ಟೆಗೆ, ನಾಲ್ಕು ನಾಟಿ ಹ್ಯಾಟೆ ಕಾವಿಗೆ, ಒಂದು ಹುಂಜ. ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ, ಆದರೆ ಆ ಮೊಟ್ಟೆ ಮರಿಯಾಗುವುದಿಲ್ಲ. ಹುಂಜಕ್ಕೆ ಇನ್ನೊಂದು ಕೆಲಸವೂ ಇದೆ. ಆಕಾಶದಲ್ಲಿ ಹದ್ದು ಕಂಡರೆ ಮೊದಲು ಕೂಗುವುದು ಅದೇ.

ಕೋಳಿ ಸಾಕಣೆ ಕಲಿಯಬೇಕು ಎನ್ನುವವರಿಗೆ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆ ಇದೆ. ಹೋಗಿ ಕಣ್ಣಾರೆ ನೋಡಿ ಬನ್ನಿ.

ನಾಲ್ಕನೇ ಹೆಜ್ಜೆ: ಮರಿಗಳ ಮೊದಲ ನಾಲ್ಕು ವಾರ

ಮರಿಗಳು ಸಾಯುವುದು ಹೆಚ್ಚಾಗಿ ಈ ನಾಲ್ಕು ವಾರದಲ್ಲೇ. ಹಾಗಾಗಿ ಇದನ್ನು ವಿವರವಾಗಿ ಹೇಳುತ್ತೇನೆ.

ಮೊದಲ ವಾರ ಮರಿಗೆ 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ತಗಡಿನ ಹಾಳೆಯನ್ನೋ ದಪ್ಪ ರಟ್ಟನ್ನೋ ಗುಂಡಗೆ ಸುತ್ತಿ ನಿಲ್ಲಿಸಿ. ಮೂಲೆ ಇದ್ದರೆ ಮರಿಗಳು ಅಲ್ಲಿ ಒತ್ತಿಕೊಂಡು ಉಸಿರುಗಟ್ಟಿ ಸಾಯುತ್ತವೆ, ಅದಕ್ಕೇ ಗುಂಡಗಿರಬೇಕು. ಇಪ್ಪತ್ತೈದು ಮರಿಗೆ 60 ವ್ಯಾಟಿನ ಒಂದು ಬಲ್ಬ್ ಸಾಕು. ಆದರೆ ಅದು ಹಳೆಯ ಕಾಲದ ತಂತಿ ಉರಿಯುವ ಬಲ್ಬೇ ಆಗಿರಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಎಲ್‌ಇಡಿ ಹಾಕಿ “ದೀಪ ಉರಿಯುತ್ತಲೇ ಇತ್ತು, ಆದರೂ ಮರಿ ಸತ್ತವು” ಎಂದವರನ್ನು ನಾನು ನೋಡಿದ್ದೇನೆ.

ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪಾಗಿ ಕೀರಲು ದನಿಯಲ್ಲಿ ಕೂಗುತ್ತಿದ್ದರೆ ಚಳಿ, ಬಲ್ಬ್ ಇಳಿಸಿ. ದೂರ ಸರಿದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ, ಬಲ್ಬ್ ಏರಿಸಿ. ಎಲ್ಲಾ ಕಡೆ ಹರಡಿಕೊಂಡು ಮೇಯುತ್ತಿದ್ದರೆ ಸರಿಯಾಗಿದೆ. ಎಲ್ಲವೂ ಒಂದೇ ಬದಿಗೆ ಸರಿದಿದ್ದರೆ ಇನ್ನೊಂದು ಬದಿಯಿಂದ ಗಾಳಿ ಬೀಸುತ್ತಿದೆ, ಅಲ್ಲೊಂದು ಗೋಣಿಚೀಲ ಕಟ್ಟಿ. ಕರೆಂಟ್ ಹೋಗುವ ಊರಾದರೆ ಇದ್ದಿಲ ಒಲೆಯೊಂದು ಸಿದ್ಧವಿರಲಿ. ಹೊಗೆ ಹೊರಗೆ ಹೋಗುವ ದಾರಿ ನೋಡಿಕೊಂಡು ಮಾತ್ರ ಹಚ್ಚಿ.

ಮರಿ ಬಂದ ಕೂಡಲೇ ಮೊದಲು ನೀರು, ಆಮೇಲೆ ತಿಂಡಿ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ ಬೆರೆಸಿ. ಒಂದೊಂದೇ ಮರಿಯ ಕೊಕ್ಕನ್ನು ನೀರಿಗೆ ಅದ್ದಿ ಬಿಡಿ, ಒಮ್ಮೆ ರುಚಿ ಸಿಕ್ಕಿದರೆ ತಾವೇ ಕುಡಿಯುತ್ತವೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಬಿದ್ದು ಒದ್ದೆಯಾಗುತ್ತವೆ. ಎಂಟು ವಾರದವರೆಗೆ ಮರಿಗಳ ಆಹಾರವನ್ನೇ ಕೊಡಿ. ಬರೀ ನುಚ್ಚು ಹಾಕಿದರೆ ಬದುಕುತ್ತವೆ, ಬೆಳೆಯುವುದಿಲ್ಲ. ಮೊಟ್ಟೆ ಕೋಳಿಯ ಆಹಾರವನ್ನು ಮರಿಗೆ ಹಾಕಲೇಬೇಡಿ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ ಇರುವುದರಿಂದ ಮರಿಯ ಮೂತ್ರಪಿಂಡ ಕೆಡುತ್ತದೆ.

ಲಸಿಕೆ ತಪ್ಪಿಸಬೇಡಿ. ನಮ್ಮಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಒಮ್ಮೆ ಹೊಕ್ಕರೆ ಇಡೀ ಊರಿನ ಕೋಳಿ ಖಾಲಿ. ಹಸಿರು ಮಿಶ್ರಿತ ಬಿಳಿ ಭೇದಿ, ಏದುಸಿರು, ಕೊನೆಗೆ ಕತ್ತು ತಿರುಚಿಕೊಳ್ಳುವುದು ಅದರ ಗುರುತು. ಬಂದ ಮೇಲೆ ಔಷಧಿ ಇಲ್ಲ. ಏಳನೇ ದಿನ ರಾಣಿಖೇತಿಗೆ ಲಸೋಟ ಲಸಿಕೆ ಕಣ್ಣಿಗೆ ಒಂದು ಹನಿ. ಹದಿನಾಲ್ಕನೇ ದಿನ ಗುಂಬೋರ ಎಂಬ ಇನ್ನೊಂದು ರೋಗದ ಲಸಿಕೆ. 28ನೇ ದಿನ ಮತ್ತೆ ಲಸೋಟ. ಎಂಟನೇ ವಾರ ರಾಣಿಖೇತಿಗೇ ಆರ್‌2ಬಿ ಚುಚ್ಚುಮದ್ದು. ಸಿಡುಬಿನ ಲಸಿಕೆಯನ್ನು ಯಾವಾಗ ಹಾಕಿಸಬೇಕೆಂದು ನಿಮ್ಮೂರಿನ ಡಾಕ್ಟರನ್ನೇ ಕೇಳಿ.

ಚಿಕ್ಕ ಸಾಕಣೆದಾರರ ಕಷ್ಟ ಏನೆಂದರೆ ಲಸಿಕೆಯ ಸೀಸೆ ನೂರು ಕೋಳಿಗೋ ಅದಕ್ಕಿಂತ ಜಾಸ್ತಿಗೋ ಬರುತ್ತದೆ, ನಮ್ಮಲ್ಲಿ ಇರುವುದು ಹತ್ತು. ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಇಟ್ಟುಕೊಳ್ಳುವಂತಿಲ್ಲ. ನಾವು ಇದಕ್ಕೆ ಒಂದು ದಾರಿ ಮಾಡಿಕೊಂಡೆವು. ಸುತ್ತಲಿನ ಎಂಟು ಮನೆಯವರು ಒಂದೇ ವಾರದಲ್ಲಿ ಮರಿ ತರುತ್ತೇವೆ, ಒಂದೇ ದಿನ ಲಸಿಕೆ ಹಾಕುತ್ತೇವೆ. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಸೀಸೆ ತಂದು, ಸಂಜೆ ತಂಪು ಹೊತ್ತಿನಲ್ಲಿ ಮನೆಯಿಂದ ಮನೆಗೆ ಹೋಗಿ ಹಾಕಿ ಮುಗಿಸುತ್ತೇವೆ. ಪಕ್ಕದ ಮನೆಯ ಕೋಳಿಗೂ ಲಸಿಕೆ ಆಗಿರುವುದರಿಂದ ನಮ್ಮ ಕೋಳಿಯೂ ಉಳಿಯುತ್ತದೆ.

ಐದನೇ ಹೆಜ್ಜೆ: ಮೊಟ್ಟೆ, ಕಾವು

ದಿನವಿಡೀ ಕೆದಕಿ ಮೇಯುವ ಕೋಳಿಗೆ ಸಂಜೆ ಐವತ್ತು ಅರವತ್ತು ಗ್ರಾಂ ಆಹಾರ ಸಾಕು. ಅದನ್ನು ಗೂಡಿನ ಒಳಗೇ ಹಾಕಿ. ಹೊಟ್ಟೆಪಾಡಿಗೆ ತಾವೇ ಒಳಗೆ ಬರುತ್ತವೆ, ನೀವು ಅಟ್ಟಿಸಿಕೊಂಡು ಓಡಬೇಕಿಲ್ಲ. ಹೊರಗೆ ಬಿಡದೆ ಗೂಡಿನಲ್ಲೇ ಸಾಕಿದರೆ ಮೊಟ್ಟೆ ಕೋಳಿಗೆ ದಿನಕ್ಕೆ ಸುಮಾರು 110 ಗ್ರಾಂ ಬೇಕು. ಮೊಟ್ಟೆಯ ಸಿಪ್ಪೆ ತೆಳ್ಳಗಾದರೆ ಕಪ್ಪೆಚಿಪ್ಪಿನ ಪುಡಿ ಬೇರೆ ತಟ್ಟೆಯಲ್ಲಿಡಿ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯನ್ನು “ಕೋಳಿ ತಾನೇ ತಿನ್ನೋದು” ಎಂದು ಹಾಕಬೇಡಿ. ಆ ಬೂಷ್ಟಿನ ವಿಷ ಯಕೃತ್ತಿಗೆ ಹೊಡೆಯುತ್ತದೆ. ಆಹಾರ ತಗಡಿನ ಡ್ರಮ್ಮಿನಲ್ಲಿರಲಿ. ಇಲಿ ಬಂದ ಕಡೆ ಹಾವು ಬರುತ್ತದೆ.

ನಾಟಿ ಹ್ಯಾಟೆ ಗೂಡಿನಿಂದ ಏಳದೆ, ಹತ್ತಿರ ಹೋದರೆ ಪುಕ್ಕ ಉಬ್ಬಿಸಿ ಗುರ್ ಎಂದರೆ ಕಾವಿಗೆ ಬಂದಿದೆ. ಮಸುಕು ಬೆಳಕಿನ ಜಾಗದಲ್ಲಿ ಮಂಕರಿಗೆ ಮರಳು, ಹುಲ್ಲು ಹಾಕಿ ಹತ್ತರಿಂದ ಹನ್ನೆರಡು ಮೊಟ್ಟೆ ಇಡಿ. ವಾರಕ್ಕಿಂತ ಹಳೆಯ ಮೊಟ್ಟೆ ಬೇಡ, ಫ್ರಿಜ್ಜಿನಲ್ಲಿಟ್ಟದ್ದು ಬೇಡವೇ ಬೇಡ. ರಾತ್ರಿ ಹೊತ್ತು ಕೂರಿಸಿದರೆ ಬೇಗ ಒಗ್ಗಿಕೊಳ್ಳುತ್ತದೆ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂತೆ ಕೆಂಪು ಎಳೆ ಕಂಡರೆ ಮರಿ ಬೆಳೆಯುತ್ತಿದೆ. ಖಾಲಿ ಕಂಡದ್ದನ್ನು ತೆಗೆದುಬಿಡಿ. 21ನೇ ದಿನ ಮರಿ ಹೊರಬರುತ್ತದೆ. ಚಿಪ್ಪು ಒಡೆಯಲು ತಡ ಮಾಡುತ್ತಿದೆ ಎಂದು ನೀವು ಬಿಡಿಸಲು ಹೋಗಬೇಡಿ, ರಕ್ತ ಬಂದು ಸಾಯುತ್ತದೆ.

ಒಂದೇ ದಿನ ಎರಡು ಮೂರು ಕೋಳಿ ಸತ್ತರೆ ಕೊಯ್ದು ತಿನ್ನುವುದು, ಮಾರುವುದು ಎರಡೂ ಬೇಡ. ಬರಿಗೈಯಲ್ಲಿ ಮುಟ್ಟಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. ಹೂಳಲು ಹೇಳಿದರೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ.

ಆರನೇ ಹೆಜ್ಜೆ: ಮೇಕೆ

ಒಂದೇ ಮೇಕೆ ತರಬೇಡಿ. ಅದು ಹಿಂಡಿನ ಪ್ರಾಣಿ, ಒಂಟಿಯಾದರೆ ಹಗಲು ರಾತ್ರಿ ಅರಚುತ್ತದೆ, ಮೇವು ಬಿಡುತ್ತದೆ. ಎರಡು ಹೆಣ್ಣು ಮೇಕೆಯಿಂದ ಶುರು ಮಾಡಿ. ಹೋತ ಬೇಡ. ವಾಸನೆ ಜಾಸ್ತಿ, ಎರಡು ಮೇಕೆಗಾಗಿ ಅದನ್ನು ಸಾಕುವುದು ದಂಡ. ಬೆದೆಗೆ ಬಂದಾಗ ಊರಿನಲ್ಲಿ ಒಳ್ಳೆಯ ಹೋತ ಇರುವವರ ಹತ್ತಿರ ಕರೆದೊಯ್ದರೆ ಆಯಿತು.

ದೂರದ ತಳಿಗಳ ಹೆಸರು ಹೇಳಿ ದುಬಾರಿ ಬೆಲೆಗೆ ಮಾರುವವರಿದ್ದಾರೆ. ನನ್ನ ಮಾತು ಕೇಳುವುದಾದರೆ ನಿಮ್ಮ ಸೀಮೆಯ ಮೇಕೆಯನ್ನೇ ತನ್ನಿ. ತುಮಕೂರು, ಚಿತ್ರದುರ್ಗ ಕಡೆ ನಂದಿದುರ್ಗ ಮೇಕೆಗಳಿವೆ, ಬೀದರ್ ಕಡೆ ಬಿದ್ರಿ. ಇಲ್ಲಿಯ ಬಿಸಿಲು, ಇಲ್ಲಿಯ ಸೊಪ್ಪು ಅವಕ್ಕೆ ಗೊತ್ತು. ಸಂತೆಯಲ್ಲಿ ಕೊಳ್ಳುವಾಗ ಬಾಯಿ ತೆರೆದು ಹಲ್ಲು ನೋಡಿ. ಮುಂದಿನ ಎರಡು ಹಲ್ಲು ಅಗಲವಾಗಿದ್ದರೆ ಒಂದರಿಂದ ಒಂದೂವರೆ ವರ್ಷ. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕು ವರ್ಷ ದಾಟಿದೆ. ಎರಡು ಅಥವಾ ನಾಲ್ಕು ಹಲ್ಲಿನದು ಒಳ್ಳೆಯದು. ತಂದದ್ದನ್ನು ಮೂರು ವಾರ ಬೇರೆ ಕಟ್ಟಿ. ಸಂತೆಯಿಂದ ರೋಗವೂ ಜೊತೆಗೆ ಬರುತ್ತದೆ.

ಮೇಕೆಗೆ ನೆಲ ಒಣಗಿರಬೇಕು. ಮೂರು ಅಡಿ ಎತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟಣಿಗೆ ಮಾಡಿದರೆ ಹಿಕ್ಕೆ ಸಂದಿನಿಂದ ಕೆಳಗೆ ಬೀಳುತ್ತದೆ. ಗೊಬ್ಬರ ಒಂದೇ ಕಡೆ ಸಿಗುತ್ತದೆ, ಗೊರಸು ಕೊಳೆಯುವುದಿಲ್ಲ. ಸಂದು ಒಂದೂವರೆ ಸೆಂಟಿಮೀಟರಿಗಿಂತ ಅಗಲವಾದರೆ ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ. ಒಂದು ಮೇಕೆಗೆ ಹನ್ನೆರಡು ಚದರಡಿ ಜಾಗ ಇರಲಿ.

ಸೊಪ್ಪನ್ನು ನೆಲದಲ್ಲಿ ಹಾಕದೆ ಕಟ್ಟಿ ತೂಗುಹಾಕಿ. ತುಳಿದ ಸೊಪ್ಪನ್ನು ಮೇಕೆ ಮೂಸಿಯೂ ನೋಡುವುದಿಲ್ಲ. ಒಂದಕ್ಕೆ ದಿನಕ್ಕೆ ಮೂರರಿಂದ ನಾಲ್ಕು ಕಿಲೋ ಹಸಿರು, ಜೊತೆಗೆ ಹುರುಳಿ ಹೊಟ್ಟೋ ತೊಗರಿ ಹೊಟ್ಟೋ ಒಂದಿಷ್ಟು. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಮೇಯಲು ಬಿಡಬೇಡಿ, ಜಂತುಹುಳದ ಮರಿಗಳು ಒದ್ದೆ ಹುಲ್ಲಿನ ತುದಿಗೆ ಏರಿರುತ್ತವೆ. ಹದಿನೈದು ದಿನಕ್ಕೊಮ್ಮೆ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಾಗಿದ್ದರೆ ಆರೋಗ್ಯ. ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳ ಸೇರಿದೆ, ಡಾಕ್ಟರಿಗೆ ತೋರಿಸಿ ತೂಕಕ್ಕೆ ತಕ್ಕ ಜಂತುನಾಶಕ ಕುಡಿಸಿ. ಸುಮ್ನೆ ತಿಂಗಳು ತಿಂಗಳು ಕುಡಿಸುತ್ತಾ ಹೋದರೆ ಹುಳಕ್ಕೆ ಆ ಔಷಧಿ ಒಗ್ಗಿಹೋಗುತ್ತದೆ.

ಎಚ್ಚರಿಕೆಯೊಂದನ್ನು ಒತ್ತಿ ಹೇಳಬೇಕು. ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸವನ್ನು ಪ್ರೀತಿಯಿಂದ ಮೇಕೆಗೆ, ಹಸುವಿಗೆ ಸುರಿಯುತ್ತಾರೆ. ಕೆಲವು ಸಲ ಮೇಕೆಯೇ ಹಗ್ಗ ಬಿಚ್ಚಿಕೊಂಡು ಕೋಳಿ ಆಹಾರದ ಚೀಲಕ್ಕೆ ಬಾಯಿ ಹಾಕುತ್ತದೆ. ಅಷ್ಟು ಹಿಟ್ಟಿನ ಅಂಶ ಒಮ್ಮೆಗೇ ಹೋದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಮೆಲುಕು ನಿಲ್ಲುತ್ತದೆ, ಎಡ ಹೊಟ್ಟೆ ಉಬ್ಬುತ್ತದೆ, ಪ್ರಾಣಿ ಮಲಗಿಬಿಡುತ್ತದೆ. ಕಾಯಬೇಡಿ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ತಲೆ ಮೇಲೆತ್ತಿ ಬಾಯಿಗೆ ಎಣ್ಣೆ, ಕಷಾಯ ಸುರಿಯಬೇಡಿ. ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ಸಾಯುತ್ತದೆ. ಎಳೆ ಜೋಳದ ಪೈರು, ಮರಗೆಣಸಿನ ಎಲೆ, ಲಂಟಾನ, ಇವು ಮೂರೂ ವಿಷ. ಬೇಲಿಯಲ್ಲಿದ್ದರೆ ತೆಗೆಸಿ.

ಲಸಿಕೆಯಲ್ಲಿ ಎರಡು ಮುಖ್ಯ. ಮೇಕೆ ಕುರಿಗಳ ಪ್ಲೇಗ್ ಎನ್ನುವ ಪಿಪಿಆರ್ ರೋಗದ ಲಸಿಕೆ ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯುತ್ತದೆ. ಕರುಳುಬೇನೆಯ ಲಸಿಕೆ ಪ್ರತಿ ವರ್ಷ ಮುಂಗಾರಿಗೆ ಮೊದಲೇ ಆಗಬೇಕು. ಹೊಸ ಮಳೆಯ ಎಳೆ ಹುಲ್ಲು ತಿಂದ ಮೇಲೇ ಆ ರೋಗ ಎರಗುವುದು, ಬೆಳಿಗ್ಗೆ ಚೆನ್ನಾಗಿದ್ದ ಮರಿ ಸಂಜೆಗೆ ಇರುವುದಿಲ್ಲ.

ಮೇಕೆ ಗಬ್ಬವಾದ ದಿನವನ್ನು ಬರೆದಿಡಿ. ಅಲ್ಲಿಂದ 150 ದಿನಕ್ಕೆ ಮರಿ ಹಾಕುತ್ತದೆ. ಹುಟ್ಟಿದ ಮರಿಯ ಮೂಗು ಬಾಯಿ ಒರೆಸಿ, ಹೊಕ್ಕುಳಬಳ್ಳಿಗೆ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಮಾಸು ಬೀಳುವ ತನಕ ಕಾಯಬೇಕೆಂದು ಕೆಲವರು ಮರಿಯನ್ನು ಹಸಿವಿನಲ್ಲಿ ಇಡುತ್ತಾರೆ. ಅದು ತಪ್ಪು. ಮರಿ ಮೊಲೆ ಚೀಪಿದರೆ ಮಾಸೂ ಬೇಗ ಬೀಳುತ್ತದೆ.

ಏಳನೇ ಹೆಜ್ಜೆ: ಹಸು, ತೋಟದಲ್ಲೇ ಮನೆ ಇದ್ದರೆ ಮಾತ್ರ

ಹಸು ದಿನಕ್ಕೆರಡು ಸಲ ಹಾಲು ಕರೆಯುವ ಕೆಲಸ. ಯಾವ ಹಬ್ಬಕ್ಕೂ ರಜೆ ಇಲ್ಲ. ಸೀಮೆ ಹಸುವಿಗೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋ ಹಸಿರು ಮೇವು, ಐದಾರು ಕಿಲೋ ರಾಗಿ ಹುಲ್ಲು, ಮೇಲೆ ಬೂಸಾ, ಹಿಂಡಿ. ಮನೆ ಮಟ್ಟಿಗೆ ಹಾಲು ಬೇಕು ಎನ್ನುವವರು, ಅದರಲ್ಲೂ ಮಲೆನಾಡು ಕರಾವಳಿಯವರು, ಮಲೆನಾಡು ಗಿಡ್ಡ ನೋಡಬಹುದು. ಗಾತ್ರ ಸಣ್ಣದು, ಹಾಲು ಕಡಿಮೆ, ಮೇವೂ ಕಡಿಮೆ, ರೋಗಕ್ಕೆ ಜಗ್ಗುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಇಲಾಖೆಯವರೇ ಉಚಿತವಾಗಿ ಹಾಕುತ್ತಾರೆ, ಆ ದಿನ ಹಸುವನ್ನು ಮೇಯಲು ಬಿಡದೆ ಕಟ್ಟಿರಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಗಂಡು ಕರು ಹುಟ್ಟಿದರೆ ಯಾರು ಸಾಕುತ್ತಾರೆ ಎಂಬುದನ್ನು ಹಸು ಕೊಳ್ಳುವ ದಿನವೇ ಮನೆಯವರೆಲ್ಲ ಕೂತು ಮಾತಾಡಿ.

ಊರಿಗೆ ಹೋಗುವಾಗ

ಎಷ್ಟೇ ಚೆನ್ನಾಗಿ ಸಾಕಿದರೂ ಎರಡು ದಿನ ಊರು ಬಿಡುವುದು ಇದ್ದೇ ಇರುತ್ತದೆ. ನಾನು ಕೊಟ್ಟಿಗೆಯ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ್ದೇನೆ. ಬೆಳಿಗ್ಗೆ ಏನು, ಸಂಜೆ ಏನು, ಯಾವ ಡಬ್ಬಿಯಿಂದ ಎಷ್ಟು ಹಿಡಿ, ಯಾವ ಮೇಕೆ ಗಬ್ಬ, ಅದರ ದಿನ ಯಾವುದು, ಡಾಕ್ಟರ್ ನಂಬರ್, 1962. ಕೆಳಗಿನ ಸಾಲಿನಲ್ಲಿ ಸೀಮೆಸುಣ್ಣದಿಂದ ಬರೆದಿರುವುದು ಬರೀ ಲೆಕ್ಕ: ಹ್ಯಾಟೆ ಹತ್ತು, ಹುಂಜ ಒಂದು, ಮೇಕೆ ಎರಡು, ಮರಿ ಮೂರು. ಅಪ್ಪ ಇಲ್ಲದ ದಿನ ಅಜ್ಜಿಯ ಮೊಮ್ಮಗ ಬರುತ್ತಾನೆ. ಸಂಜೆ ಆರೂವರೆಗೆ ಎಣಿಸಿ, ಚಿಲಕ ಹಾಕಿ, ನನಗೆ ಫೋನ್ ಮಾಡಿ “ಎಲ್ಲಾ ಒಳಗಿವೆ ಅಣ್ಣಾ” ಎನ್ನುತ್ತಾನೆ.